ಒಂದು ಕಾದಂಬರಿಯನ್ನು ಫ್ಯಾಂಟಸಿ ಅನ್ನಬೇಕಾದರೆ ಅದರಲ್ಲಿ ಏನಿರಬೇಕು?

ನಮ್ಮ ಜಗತ್ತಿನಲ್ಲಿ ಆಗಲು ಸಾಧ್ಯವೇ ಇಲ್ಲದ್ದು ಕಥೆಯೊಳಗೆ ನಿಜವಾಗಿಯೇ ನಡೆಯಬೇಕು. ಅದು ಮೊದಲ ಗುರುತು. ಕೊನೆಗೆ ಎಲ್ಲಾ ಕನಸು ಅಂದುಬಿಟ್ಟರೆ ನನ್ನ ಮಟ್ಟಿಗೆ ಅದು ಫ್ಯಾಂಟಸಿ ಅಲ್ಲ.

ಆದರೆ ಸುಮ್ನೆ ಡ್ರ್ಯಾಗನ್ನು, ಮಂತ್ರವಾದಿಗಳನ್ನು ತಂದು ನಿಲ್ಲಿಸಿದರೆ ಸಾಲದು. ಆ ಲೋಕಕ್ಕೆ ಅದರದ್ದೇ ಕಟ್ಟುಪಾಡು ಬೇಕು. ಅರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ತ್‌ಸೀ' (1968) ನೋಡಿ. ಅಲ್ಲಿ ಯಾವುದರ ಮೇಲಾದರೂ ಮಂತ್ರ ನಡೆಯಬೇಕಾದರೆ ಅದರ ನಿಜವಾದ ಹೆಸರು ಗೊತ್ತಿರಬೇಕು. ಹಾಗಾಗಿ ಜನ ತಮ್ಮ ನಿಜ ಹೆಸರನ್ನು ಬಚ್ಚಿಟ್ಟುಕೊಂಡೇ ಬದುಕುತ್ತಾರೆ. ಪೂರ್ತಿ ಕುಗ್ಗಿಹೋಗಿದ್ದ ಕಥಾನಾಯಕ ಗೆಡ್‌ಗೆ ಗೆಳೆಯ ವೆಚ್ ತನ್ನ ನಿಜ ಹೆಸರು ಹೇಳುವ ಜಾಗವಿದೆ. ಆ ನಿಯಮ ಇರುವುದರಿಂದಲೇ ಒಂದು ಹೆಸರು ಹೇಳುವುದು ಅಷ್ಟು ದೊಡ್ಡ ಸ್ನೇಹವಾಗಿ ಎದೆಗೆ ತಟ್ಟುತ್ತದೆ. ಒಳ್ಳೆಯ ಫ್ಯಾಂಟಸಿಯ ಶಕ್ತಿ ಇರುವುದು ಇಲ್ಲೇ.

ವೈಜ್ಞಾನಿಕ ಕಾದಂಬರಿ ತನ್ನ ಅಚ್ಚರಿಗಳಿಗೆ ವಿಜ್ಞಾನದ ಕಾರಣ ಹುಡುಕುತ್ತದೆ. ಫ್ಯಾಂಟಸಿಗೆ ಆ ಹಂಗಿಲ್ಲ.

ಪುರಾಣಗಳನ್ನೂ ಇದಕ್ಕೆ ಸೇರಿಸುವವರು ಜಾಸ್ತಿ. ನಾನು ಸೇರಿಸುವುದಿಲ್ಲ. ಪುರಾಣವನ್ನು ಜನ ನಂಬಿ ಪೂಜಿಸುತ್ತಾರೆ. ಫ್ಯಾಂಟಸಿ ಕಟ್ಟುಕತೆ ಅಂತ ಬರೆದವರಿಗೂ ಓದುವವರಿಗೂ ಮೊದಲೇ ಗೊತ್ತಿರುತ್ತದೆ ಅಲ್ವಾ?