ಟ್ಯಾಪೆಂಟಡಾಲ್ ಮಾತ್ರೆ ಬಿಡಬೇಕು, ಕೈಯಲ್ಲಿ ದುಡ್ಡಿಲ್ಲ. ಫೋನಲ್ಲೇ ಸಹಾಯ ಸಿಗುತ್ತಾ?

ಬೆನ್ನುನೋವಿಗೆ ಅಂತ ಶುರುವಾದ ಮಾತ್ರೆ, ಈಗ ಒಂದು ಹೊತ್ತು ತಪ್ಪಿದರೂ ಕೈಕಾಲು ಸೆಳೆತ, ಬೆವರು, ನಿದ್ದೆ ಇಲ್ಲ ಅಂತ ಬರೆದಿದ್ದೀರಿ. ಸೆಂಟರಿಗೆ ಸೇರೋಣ ಅಂದರೆ ಅವರು ಕೇಳುವಷ್ಟು ಹಣ ಇಲ್ಲ, ಊರಲ್ಲಿ ಗೊತ್ತಾಗಬಾರದು, ಫೋನಲ್ಲೇ ಕಡಿಮೆ ಖರ್ಚಿನ ದಾರಿ ಇದೆಯಾ ಅಂತ ಕೇಳಿದ್ದೀರಿ. ಇದೆ. ನನ್ನ ತಮ್ಮ ಇದೇ ಮಾತ್ರೆಯಿಂದ ಹೊರಗೆ ಬಂದವನು. ಆಸ್ಪತ್ರೆಗೆ, ಅಂಗಡಿಗೆ ಅವನ ಜೊತೆ ಓಡಾಡಿದವಳು ನಾನು. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಫೋನಲ್ಲಿ ಸಿಗುವುದು ಮಾತು, ಧೈರ್ಯ, ಜೊತೆ. ಔಷಧಿ ಫೋನಲ್ಲಿ ಸಿಗಲ್ಲ. ನಿಮಗೆ ಎರಡೂ ಬೇಕು. ಸರ್ಕಾರಿ ವ್ಯವಸ್ಥೆಯಲ್ಲಿ ಹೋದರೆ ಎರಡಕ್ಕೂ ಹೆಚ್ಚು ಖರ್ಚಿಲ್ಲ.

ಇವತ್ತು ರಾತ್ರಿಯೇ ಮಾಡಬಹುದಾದ ಕೆಲಸ ಅಂದರೆ 14416ಕ್ಕೆ ಕರೆ. ಇದು ಟೆಲಿ-ಮಾನಸ್, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಸಹಾಯವಾಣಿ. ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸೇ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಆಪ್ತ ಸಮಾಲೋಚಕರು ಸಿಗುತ್ತಾರೆ, ಬೇಕಾದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ಸುಮ್ನೆ "ತುಂಬಾ ಟೆನ್ಷನ್" ಅಂತ ಶುರು ಮಾಡಬೇಡಿ, ಮಾತು ಬೇರೆ ಕಡೆ ಹೋಗಿಬಿಡುತ್ತದೆ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು, ಎಷ್ಟು ಕಾಲದಿಂದ, ಕೊನೆಗೆ ಯಾವಾಗ ನುಂಗಿದ್ದು, ಜೊತೆಗೆ ಕುಡಿತ ಅಥವಾ ನಿದ್ದೆ ಮಾತ್ರೆ ಇದೆಯಾ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಕರೆ ಮಾಡಿ. ಪುಡಿ ಮಾಡಿ ಸೂಜಿಯಲ್ಲಿ ಚುಚ್ಚಿಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಮುಚ್ಚಿಡಬೇಡಿ. ಆಗ ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆಯೂ ಆಗಬೇಕು. ವ್ಯಸನಕ್ಕೆಂದೇ ಇನ್ನೊಂದು ನಂಬರ್ ಇದೆ, 14446. ಹತ್ತಿರದ ವ್ಯಸನಮುಕ್ತಿ ಕೇಂದ್ರ ಎಲ್ಲಿದೆ ಅಂತ ಅಲ್ಲಿ ಕೇಳಬಹುದು.

ಈಗ ಔಷಧಿಯ ವಿಷಯ. ಇಲ್ಲೇ ಜನ ಎಡವುವುದು. ಟ್ಯಾಪೆಂಟಡಾಲ್, ಟ್ರಮಡಾಲ್ ಅನ್ನುವ ನೋವಿನ ಮಾತ್ರೆ, ಬ್ರೌನ್ ಶುಗರ್ ಅನ್ನುವ ಹೆರಾಯಿನ್, ಎಲ್ಲವೂ ಒಂದೇ ಜಾತಿಯವು, ಅಫೀಮಿನಂತೆ ಕೆಲಸ ಮಾಡುವಂಥವು. ಇವನ್ನು ಬಿಟ್ಟಾಗ ಬರುವ ಆಕಳಿಕೆ, ಮೂಗು ಸೋರುವುದು, ಭೇದಿ, ಮೈ ಜುಮ್ಮೆನ್ನುವುದು ಮೊದಲ ಎರಡು ಮೂರು ದಿನ ಜೋರಾಗಿರುತ್ತದೆ, ಸುಮಾರು ಒಂದು ವಾರದಲ್ಲಿ ತಗ್ಗುತ್ತದೆ. ಹಲ್ಲು ಕಚ್ಚಿ ಅದನ್ನು ದಾಟಿದವರು ಬಹಳ ಜನ ಇದ್ದಾರೆ. ಆದರೆ ಆಮೇಲೆ ಬರುವ ಆಸೆ ತಿಂಗಳುಗಟ್ಟಲೆ ಬಿಡಲ್ಲ, ಅಲ್ಲೇ ಹೆಚ್ಚಿನವರು ಮತ್ತೆ ಬೀಳುವುದು. ಅದಕ್ಕೇ ಬ್ಯುಪ್ರಿನಾರ್ಫಿನ್ ಅಂತ ಔಷಧಿ ಕೊಡುತ್ತಾರೆ, ಸಾಮಾನ್ಯವಾಗಿ ನಲಾಕ್ಸೋನ್ (ಈ ಜಾತಿಯ ಮಾದಕಗಳ ಪರಿಣಾಮ ತಡೆಯುವ ಔಷಧಿ) ಸೇರಿಸಿದ ಮಾತ್ರೆ. ನುಂಗುವಂಥದ್ದಲ್ಲ, ನಾಲಿಗೆ ಕೆಳಗೆ ಇಟ್ಟು ಕರಗಿಸಬೇಕು. ತಮ್ಮ ಬೆಳಿಗ್ಗೆ ಎದ್ದು ಬಾಯಿ ಒದ್ದೆ ಮಾಡಿಕೊಂಡು ಮಾತ್ರೆ ಇಟ್ಟುಕೊಂಡು ಕೂತರೆ ಅದು ಕರಗುವವರೆಗೂ ಮಾತಿಲ್ಲ, ಎಂಜಲು ನುಂಗುವಂತಿಲ್ಲ. ಅಮ್ಮ ಏನಾದರೂ ಕೇಳಿದರೆ ಬೆರಳೆತ್ತಿ "ಇರು" ಅಂತ ಸನ್ನೆ ಮಾಡುತ್ತಿದ್ದ. ನುಂಗಿಬಿಟ್ಟರೆ ಔಷಧಿಯ ಬಹುಪಾಲು ವ್ಯರ್ಥ ಆಗುತ್ತದೆ ಅಂತ ನರ್ಸ್ ಮೊದಲ ದಿನವೇ ಹೇಳಿದ್ದರು.

ಇದನ್ನು ನೀವಾಗಿ ಶುರು ಮಾಡುವಂತಿಲ್ಲ. ಹಳೆಯ ಮಾತ್ರೆ ಇನ್ನೂ ಮೈಯಲ್ಲಿ ಇರುವಾಗಲೇ ಬ್ಯುಪ್ರಿನಾರ್ಫಿನ್ ಇಟ್ಟುಕೊಂಡರೆ ಸಂಕಟ ಒಮ್ಮೆಲೇ ನುಗ್ಗಿ ಬರುತ್ತದೆ. ಬಿಟ್ಟ ಲಕ್ಷಣಗಳು ಕಾಣಿಸಿಕೊಂಡ ಮೇಲೇ ಮೊದಲ ಡೋಸ್ ಕೊಡಬೇಕು. ಯಾವಾಗ, ಎಷ್ಟು ಅಂತ ಡಾಕ್ಟರು ನೋಡಿ ಹೇಳುತ್ತಾರೆ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಕಾನೂನಿನ ಪಟ್ಟಿಯಲ್ಲಿರುವ ಔಷಧಿಯನ್ನು ಫೋನ್ ಅಥವಾ ವಿಡಿಯೋ ಮೂಲಕ ಬರೆದುಕೊಡುವಂತಿಲ್ಲ, ಬ್ಯುಪ್ರಿನಾರ್ಫಿನ್ ಆ ಪಟ್ಟಿಯಲ್ಲಿದೆ. ಹಾಗಾಗಿ ಟೆಲಿಗ್ರಾಂನಲ್ಲೋ ವಾಟ್ಸಾಪಿನಲ್ಲೋ "ಕೊರಿಯರ್ ಮಾಡುತ್ತೇವೆ" ಅನ್ನುವವರನ್ನು ದಯವಿಟ್ಟು ನಂಬಬೇಡಿ.

ಎಲ್ಲಿಗೆ ಹೋಗಬೇಕು? ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ. ತಾಲ್ಲೂಕು ಆಸ್ಪತ್ರೆಯಲ್ಲೂ ಮನೋಚೈತನ್ಯ ಅನ್ನುವ ಸರ್ಕಾರಿ ಕಾರ್ಯಕ್ರಮದಲ್ಲಿ ಮನೋವೈದ್ಯರು ಬರುತ್ತಾರೆ, ಸಾಮಾನ್ಯವಾಗಿ ಮಂಗಳವಾರ. ಊರಲ್ಲಿ ಕಂಡುಬಿಡುತ್ತಾರೆ ಅನ್ನುವ ಭಯ ಇದ್ದರೆ ಪಕ್ಕದ ತಾಲ್ಲೂಕಿಗೆ ಹೋಗಿ, ಯಾರೂ ಬೇಡ ಅನ್ನಲ್ಲ. ಉತ್ತರ ಕರ್ನಾಟಕದವರಾದರೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಬೆಂಗಳೂರಿನ ಸುತ್ತಮುತ್ತ ಇದ್ದರೆ ನಿಮ್ಹಾನ್ಸಿನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ಮರೆಯದೆ ತೆಗೆದುಕೊಂಡು ಹೋಗಿ. ಹೊರಡುವ ಮೊದಲು ಫೋನ್ ಮಾಡಿ "ಬ್ಯುಪ್ರಿನಾರ್ಫಿನ್ ನಿಮ್ಮಲ್ಲಿ ಸಿಗುತ್ತಾ" ಅಂತ ಬಾಯಿಬಿಟ್ಟು ಕೇಳಿ, ಎಲ್ಲ ಕಡೆ ಇರಲ್ಲ. ಸೂಜಿ ಬಳಸುವವರಿಗೆ ನ್ಯಾಕೋ (ಕೇಂದ್ರ ಸರ್ಕಾರದ ಏಡ್ಸ್ ನಿಯಂತ್ರಣ ಸಂಸ್ಥೆ) ನಡೆಸುವ, ಮಾದಕದ ಬದಲಿಗೆ ಔಷಧಿ ಕೊಡುವ ಓಎಸ್‌ಟಿ ಕೇಂದ್ರಗಳಲ್ಲಿ ಇದು ಉಚಿತ.

ಪೊಲೀಸರ ಭಯ ಬಹಳ ಜನಕ್ಕೆ ಇರುತ್ತದೆ. ಡಾಕ್ಟರ ಹತ್ತಿರ ಹೇಳಿದ್ದು ಗುಟ್ಟಾಗಿರಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಇನ್ನು ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ. ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸಿದ್ದರೂ, ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಇರುವ ಕಡೆ ಚಿಕಿತ್ಸೆ ಪಡೆಯುವ ವ್ಯಸನಿಗೆ ಅದರಲ್ಲಿ ಮೊಕದ್ದಮೆಯಿಂದ ರಕ್ಷಣೆ ಇದೆ.

ಇನ್ನು ನೀವು ಕೇಳಿದ ಆನ್‌ಲೈನ್ ಜೊತೆ. ಚಟ ಬಿಟ್ಟವರು, ಬಿಡುತ್ತಿರುವವರು ಸೇರುವ ಗುಂಪು ನಾರ್ಕೊಟಿಕ್ಸ್ ಅನಾನಿಮಸ್, ಅಂದರೆ ಎನ್‌ಎ, ಝೂಮ್‌ನಲ್ಲಿ ಮೀಟಿಂಗ್ ನಡೆಸುತ್ತದೆ. ಫೀಸ್ ಇಲ್ಲ, ಹೆಸರು ನೋಂದಾಯಿಸುವುದೂ ಇಲ್ಲ. ತಮ್ಮ ಟೆರೇಸ್ ಮೇಲೆ ಇಯರ್‌ಫೋನ್ ಹಾಕಿಕೊಂಡು ಕೂರುತ್ತಿದ್ದ, ಕ್ಯಾಮೆರಾ ಆಫ್, ಹೆಸರಿನ ಜಾಗದಲ್ಲಿ ಒಂದೇ ಅಕ್ಷರ. ಒಬ್ಬರು ಮಾತಾಡುವಾಗ ಯಾರೂ ಬಾಯಿ ಹಾಕಲ್ಲ, ಬುದ್ಧಿವಾದ ಹೇಳಲ್ಲ. ಶುರುವಿನಲ್ಲಿ ಅವನು ಬರೀ ಕೇಳಿಸಿಕೊಂಡ. ಒಂದು ದಿನ ಬೇರೆ ರಾಜ್ಯದ ಯಾರೋ, ರಾತ್ರಿ ಎರಡು ಗಂಟೆಗೆ ಮೆಡಿಕಲ್ ಶಾಪಿನ ಶಟರ್ ಮುಂದೆ ಬೆಳಗಾಗುವುದನ್ನೇ ಕಾಯುತ್ತ ಕೂತಿದ್ದೆ ಅಂತ ಹೇಳಿದರಂತೆ. ಕೆಳಗೆ ಇಳಿದು ಬಂದು, "ಅಕ್ಕಾ, ನಾನೊಬ್ಬನೇ ಅಲ್ಲ ಕಣೇ" ಅಂದ. ನಾನು ಎಷ್ಟು ಹೇಳಿದ್ದರೂ ಆ ನಂಬಿಕೆ ಅವನಿಗೆ ಬರುತ್ತಿರಲಿಲ್ಲ.

ಅವನು ಸೇರಿದ ಮೀಟಿಂಗ್‌ಗಳಲ್ಲಿ ಇಂಗ್ಲಿಷ್, ಹಿಂದಿಯೇ ಜಾಸ್ತಿ ಇತ್ತು. ಕನ್ನಡ ಬೇಕು ಅಂದರೆ ಎನ್‌ಎ ಸಹಾಯವಾಣಿಯಲ್ಲಿ ಕೇಳಿ ನೋಡಿ. ಅಲ್ಲಿ ಬರುವ ದೇವರು, ಶರಣಾಗತಿ ಅನ್ನುವ ಮಾತು ನಿಮಗೆ ಒಗ್ಗದಿದ್ದರೆ ಸ್ಮಾರ್ಟ್ ರಿಕವರಿ ಅಂತ ಇನ್ನೊಂದಿದೆ, ಅದರ ಆನ್‌ಲೈನ್ ಮೀಟಿಂಗ್‌ಗಳಿಗೂ ದುಡ್ಡಿಲ್ಲ. ಮನೆಯವರಿಗೆ ನಾರ್-ಅನಾನ್ ಇದೆ. ನನಗೆ ಅದರಿಂದ ತುಂಬಾ ಉಪಕಾರ ಆಯಿತು.

ಮೀಟಿಂಗ್‌ಗಳಲ್ಲಿ ಕೆಲವರು "ಬ್ಯುಪ್ರಿನಾರ್ಫಿನ್ ತಗೊಂಡರೆ ನೀನು ಪೂರ್ತಿ ಕ್ಲೀನ್ ಅಲ್ಲ" ಅನ್ನುತ್ತಾರೆ. ತಮ್ಮನಿಗೂ ಅಂದರು, ಅವನು ಒಂದು ವಾರ ಕುಗ್ಗಿಹೋಗಿದ್ದ. ಆ ಮಾತನ್ನು ಆ ಕಿವಿಯಲ್ಲಿ ಕೇಳಿ ಈ ಕಿವಿಯಲ್ಲಿ ಬಿಡಿ. ಸಕ್ಕರೆ ಕಾಯಿಲೆಯವರು ಮಾತ್ರೆ ತಗೊಂಡರೆ ಯಾರಾದರೂ ಹೀಗೆ ಅನ್ನುತ್ತಾರಾ? ಔಷಧಿ ಇಳಿಸುವುದು, ನಿಲ್ಲಿಸುವುದು ನೀವು ಮತ್ತು ನಿಮ್ಮ ಡಾಕ್ಟರು ಕೂತು ಮಾಡುವ ತೀರ್ಮಾನ. ಅವಸರದಲ್ಲಿ ನಿಲ್ಲಿಸಿದವರು ಮತ್ತೆ ಹಳೆಯದಕ್ಕೇ ಹೋಗುವುದು ಜಾಸ್ತಿ.

ದುಡ್ಡು ಕೊಡುವ ಕೌನ್ಸೆಲಿಂಗ್ ಆಪ್‌ಗಳ ಪ್ಯಾಕೇಜನ್ನು ಈಗಲೇ ಕೊಳ್ಳಬೇಡಿ. ಆ ಹಣ ಬಸ್ ಚಾರ್ಜಿಗೆ, ಪರೀಕ್ಷೆಗಳಿಗೆ ಇರಲಿ. ಊಟದಲ್ಲಿ ಬೆರೆಸುವ "ಚಟ ಬಿಡಿಸುವ ಪುಡಿ"ಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಇದೊಂದನ್ನು ಖಂಡಿತ ಮನೆಯಲ್ಲಿ ಒಬ್ಬರಿಗಾದರೂ ಹೇಳಿಡಿ. ಕೆಲವು ದಿನ ಬಿಟ್ಟರೆ ಮೈ ತಾಳುವ ಶಕ್ತಿ ಇಳಿದುಬಿಡುತ್ತದೆ. ಆಗ ಮನಸ್ಸು ತಡೆಯದೆ ಹಳೆಯ ಲೆಕ್ಕದಲ್ಲೇ ತಗೊಂಡರೆ ಉಸಿರು ನಿಲ್ಲಬಹುದು. ಜೊತೆಗೆ ಕುಡಿತ ಅಥವಾ ಆಲ್‌ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆ ಇದ್ದರೆ ಅಪಾಯ ಇನ್ನೂ ಜಾಸ್ತಿ. ಕರೆದರೆ ಏಳುತ್ತಿಲ್ಲ, ಉಸಿರು ನಿಧಾನ, ಗೊರಕೆಯಂಥ ಸದ್ದು, ತುಟಿ ನೀಲಿ ಆಗಿದೆ ಅಂದರೆ ತಕ್ಷಣ 108. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಒಬ್ಬರನ್ನೇ ಬಿಟ್ಟು ಹೋಗಬೇಡಿ. ಏನು ತಗೊಂಡಿದ್ದು ಅಂತ ಅಂಬ್ಯುಲೆನ್ಸ್‌ನವರಿಗೆ ನಿಜ ಹೇಳಿ. ನಲಾಕ್ಸೋನ್ ಇಂಜೆಕ್ಷನ್ ಸಮಯಕ್ಕೆ ಕೊಟ್ಟರೆ ಜೀವ ಉಳಿಯುತ್ತದೆ.

ನಿಮ್ಮದು ಯಾವ ಜಿಲ್ಲೆ ಅಂತ ಮಾತ್ರ ಕೆಳಗೆ ಬರೆಯಿರಿ, ಊರು ಹೆಸರು ಬೇಡ. ಅಲ್ಲಿಗೆ ಹತ್ತಿರ ಔಷಧಿ ಎಲ್ಲಿ ಸಿಗುತ್ತದೆ ಅಂತ ನಾನೂ ತಮ್ಮನೂ ವಿಚಾರಿಸಿ ಹೇಳುತ್ತೇವೆ. ಅಷ್ಟರೊಳಗೆ ಆ ಚೀಟಿ ಬರೆದು 14416ಕ್ಕೆ ಕರೆ ಮಾಡಿ.