ಮನಸ್ಸು ಕಲ್ಲು ಮಾಡಿಕೊಳ್ಳಬೇಡಿ

ಮನೆಯಲ್ಲೂ ಆಫೀಸಿನಲ್ಲೂ ಎಷ್ಟೇ ದುಡಿದರೂ ಯಾರೂ ಬೆಲೆ ಕೊಡಲ್ಲ, ಯಾರ ಮೆಚ್ಚುಗೆಯೂ ಬೇಡ ಅನ್ನೋ ಹಾಗೆ ಮನಸ್ಸು ಗಟ್ಟಿ ಮಾಡಿಕೊಳ್ಳೋದು ಹೇಗೆ ಅಂತ ಕೇಳಿದ್ದೀರಿ. ನಾನು ಹಾಗೆ ಮಾಡಿಕೊಂಡಿದ್ದೆ. ಅದಕ್ಕೇ ಬೇಡ ಅಂತ ಹೇಳ್ತಿದ್ದೇನೆ.

ನಮ್ಮದು ಕಲಬುರಗಿ. ಬಿ.ಎಡ್. ಮುಗಿದ ವರ್ಷವೇ ಮದುವೆಯಾಗಿ ತುಂಬಿದ ಮನೆಗೆ ಬಂದೆ. ದಿನಾ ಜೋಳದ ರೊಟ್ಟಿ ನನ್ನ ಪಾಲಿನ ಕೆಲಸ. ಎಸರಿಟ್ಟು, ಹಿಟ್ಟು ನಾದಿ, ಬಡಿದು, ಹಂಚಿನ ಮೇಲೆ ಹಾಕಿ, ನೀರು ಸವರಿ, ಉಬ್ಬಿದ ರೊಟ್ಟಿ ಬಿಸಿ ಇರುವಾಗಲೇ ಒಬ್ಬೊಬ್ಬರ ತಟ್ಟೆಗೆ ಬೀಳಬೇಕು. ಯಾರೂ ಏನೂ ಅನ್ನುತ್ತಿರಲಿಲ್ಲ. ಪುಂಡಿಪಲ್ಯಕ್ಕೆ ಉಪ್ಪು ಕಡಿಮೆಯಾದ ದಿನ ಮಾತ್ರ ನನ್ನ ಹೆಸರು ಬರುತ್ತಿತ್ತು. ಮೊದಮೊದಲು ಅಳುತ್ತಿದ್ದೆ. ಆಮೇಲೆ ಒಂದು ದಿನ ನಿರ್ಧಾರ ಮಾಡಿದೆ: ಇನ್ನು ಯಾರಿಂದಲೂ ಏನೂ ಬಯಸಲ್ಲ. ನಿಜವಾಗಿಯೂ ಹಗುರ ಅನ್ನಿಸಿತು. ಅಳು ನಿಂತಿತು. ಗೆದ್ದೆ ಅಂದುಕೊಂಡೆ.

ಮಗಳು ಆಗ ಒಂಬತ್ತನೇ ಕ್ಲಾಸು. ನಮ್ಮ ಕಡೆ ಸೆಪ್ಟೆಂಬರ್ 17, ಅಂದರೆ 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದ ದಿನ, ಶಾಲೆಯಲ್ಲಿ ಧ್ವಜ ಹಾರಿಸುತ್ತಾರೆ. ಅವಳ ಶಾಲೆಯಲ್ಲಿ ಭಾಷಣ ಸ್ಪರ್ಧೆಯೂ ಇತ್ತು. ಮೊದಲ ಬಹುಮಾನ ಅಂತ ಸ್ಟೀಲ್ ತಟ್ಟೆ ಹಿಡಿದುಕೊಂಡು ಓಡಿ ಬಂದಳು. ನನ್ನ ಕೈಯೆಲ್ಲ ಹಿಟ್ಟು. "ಹೂಂ, ಇಡು ಅಲ್ಲಿ. ಕೈ ತೊಳಕೊಂಡು ಉಣ್ಣು" ಅಂದೆ. ಬೇರೆ ತಟ್ಟೆಗಳ ಮೇಲೆ ಅದನ್ನೂ ಇಟ್ಟು ಹೋದಳು. ಅವತ್ತು ಅದೇ ತಟ್ಟೆಯಲ್ಲಿ ಯಾರಿಗೋ ಊಟ ಬಡಿಸಿದೆ, ಯಾರಿಗೆ ಅನ್ನೋದೂ ನೆನಪಿಲ್ಲ.

ಮುಂದಿನ ವರ್ಷ ಗಿರಣಿಯಲ್ಲಿ ಅವಳ ಗೆಳತಿಯ ತಾಯಿ ಸಿಕ್ಕಿದರು. "ನಿಮ್ಮ ಹುಡುಗಿನ್ನ ಜಿಲ್ಲಾ ಮಟ್ಟಕ್ಕ ಆರಿಸಿದ್ರಲ್ರಿ, ಯಾಕ ಕಳಸಲಿಲ್ಲ?" ಅಂದರು. ನನಗೆ ಗೊತ್ತೇ ಇರಲಿಲ್ಲ. ಮನೆಗೆ ಬಂದು ಕೇಳಿದರೆ, "ಹೇಳಿದ್ರ ಏನಾಗ್ತಿತ್ತು ಮಮ್ಮಿ? ನೀ ಹೂಂ ಅಂತಿದ್ದಿ" ಅಂದಳು. ಸಿಟ್ಟೂ ಇರಲಿಲ್ಲ ಅವಳ ದನಿಯಲ್ಲಿ.

ಈ ತಪ್ಪನ್ನ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನೀವು ಹೊರಟಿರೋದೂ ಅದೇ ದಾರಿಗೆ. ನನಗೆ ಮಗಳ ಮೇಲೆ ಪ್ರೀತಿ ಕಡಿಮೆ ಇತ್ತು ಅಂತಲ್ಲ. ಮೆಚ್ಚುಗೆ ಬಯಸೋದೇ ಬಲಹೀನತೆ ಅಂತ ನಂಬಿಬಿಟ್ಟಿದ್ದೆ. ಹಾಗೆ ನಂಬಿದವಳಿಗೆ ಇನ್ನೊಬ್ಬರನ್ನು ಮೆಚ್ಚೋದೂ ಬೇಡದ ಕೆಲಸ ಅನ್ನಿಸುತ್ತೆ. ಮೊದಲು ಓರಗಿತ್ತಿಯ ಹೊಸ ಸೀರೆ ಕಣ್ಣಿಗೆ ಬೀಳೋದು ನಿಂತಿತು. ಆಮೇಲೆ ಗಂಡ ಸಂತೆಯಿಂದ ಆರಿಸಿ ತಂದ ಬದನೆಕಾಯಿ. ಕೊನೆಗೆ ಮಗಳ ಮುಖ. ನನಗೆ ಬಂದ ನೋವು ಇವಳಿಗೆ ಬಾರದಿರಲಿ, ಇವಳು ಯಾರ ಶಾಬಾಸ್‌ಗೂ ಕಾಯದಂತೆ ಬೆಳೆಯಲಿ ಅಂತ ಒಳಗೊಳಗೇ ಸಮಾಧಾನ ಬೇರೆ ಮಾಡಿಕೊಂಡಿದ್ದೆ. ಬಯಸೋದನ್ನ ಮಾತ್ರ ಬಿಟ್ಟು ಕೊಡೋದನ್ನ ಉಳಿಸಿಕೊಳ್ಳೋಕೆ ನನ್ನಿಂದ ಆಗಲಿಲ್ಲ. ಎರಡೂ ಒಟ್ಟಿಗೇ ಹೋದವು.

ಬಿ.ಎಡ್.ನಲ್ಲಿ, ಮನುಷ್ಯನಿಗೆ ಏನೇನು ಅಗತ್ಯ ಅಂತ ಮನಶ್ಶಾಸ್ತ್ರಜ್ಞ ಮ್ಯಾಸ್ಲೊ ಹೇಳಿದ ಪಾಠ ಬಾಯಿಪಾಠ ಮಾಡಿದ್ದೆ. ಅನ್ನ, ಭದ್ರತೆ, ಪ್ರೀತಿ, ಆಮೇಲೆ ಗೌರವ. 1943ರಲ್ಲಿ ಆತ ಗೌರವವನ್ನ ಎರಡು ಪಾಲು ಮಾಡಿ ಹೇಳಿದ್ದ: ನಮ್ಮ ಮೇಲೆ ನಮಗಿರೋದು, ಬೇರೆಯವರು ನಮಗೆ ಕೊಡೋದು. ಎರಡನ್ನೂ ಅಗತ್ಯ ಅಂತಲೇ ಹೇಳಿದ್ದ. ಪರೀಕ್ಷೆಗೆ ಬರೆದು ಮರೆತಿದ್ದೆ. ಗಿರಣಿಯ ಮಾತಿನ ನಂತರ ಮತ್ತೆ ಹುಡುಕಿ ಓದಿದೆ. ಮಾರ್ಕ್ ಲಿಯರಿ ಎಂಬ ಮನಶ್ಶಾಸ್ತ್ರಜ್ಞ ಹೇಳೋ ಪ್ರಕಾರ ಸ್ವಾಭಿಮಾನ ಒಂದು ಮೀಟರ್, ಗಾಡಿಯ ಪೆಟ್ರೋಲ್ ಮುಳ್ಳಿನ ಹಾಗೆ. ಜನ ನಮ್ಮನ್ನ ಎಷ್ಟು ತಮ್ಮವರು ಅಂದುಕೊಂಡಿದ್ದಾರೆ ಅಂತ ಅದು ತೋರಿಸುತ್ತಾ ಇರುತ್ತೆ. ನಾನು ಮಾಡಿದ್ದು ಆ ಮುಳ್ಳನ್ನ ಮುರಿದದ್ದು.

ನನಗೆ ಜಾಸ್ತಿ ತಾಗಿದ್ದು ಮೋರಿಸ್ ರೋಸೆನ್‌ಬರ್ಗ್ ಮತ್ತು ಮೆಕಲ್ಲೊ ಎಂಬ ಸಂಶೋಧಕರು 1981ರಲ್ಲಿ ಬರೆದದ್ದು. ನಾವು ಇನ್ನೊಬ್ಬರಿಗೆ ಬೇಕಾದವರು ಅನ್ನೋ ಭಾವನೆಯಲ್ಲಿ ಮೂರು ಸಂಗತಿ ಇವೆ ಅಂತಾರೆ ಅವರು. ನಮ್ಮ ಕಡೆ ಅವರ ಗಮನ ಇದೆ, ನಾವು ಏನಾದರೆ ಅವರಿಗೆ ಚಿಂತೆ ಆಗುತ್ತೆ, ಅವರು ನಮ್ಮನ್ನ ನೆಚ್ಚಿಕೊಂಡಿದ್ದಾರೆ. ಓದಿದಾಗ ನನ್ನ ಅಡುಗೆಮನೆ ಅರ್ಥವಾಯಿತು. ಎಲ್ಲರೂ ನನ್ನನ್ನ ನೆಚ್ಚಿಕೊಂಡಿದ್ದರು. ಗಮನ ಯಾರಿಗೂ ಇರಲಿಲ್ಲ. ಆ ಸಂಶೋಧಕರು ಅಧ್ಯಯನ ಮಾಡಿದ್ದು ಹರೆಯದ ಮಕ್ಕಳನ್ನ. ಅಪ್ಪ ಅಮ್ಮನಿಗೆ ನಾವು ಬೇಕಿಲ್ಲ ಅಂದುಕೊಂಡ ಮಕ್ಕಳಲ್ಲಿ ಸ್ವಾಭಿಮಾನ ಕಡಿಮೆ, ಖಿನ್ನತೆ ಜಾಸ್ತಿ ಕಂಡಿತು ಅಂತ ಇತ್ತು. ಅಲ್ಲಿಗೆ ಓದೋದು ನಿಲ್ಲಿಸಿ ಎದ್ದೆ.

ನಮ್ಮಲ್ಲಿ ಮುಖದೆದುರು ಹೊಗಳಿದರೆ ನಜರ್ ಆಗ್ತದ ಅಂತಾರೆ, ಮಕ್ಕಳು ಅಟ್ಟಕ್ಕೇರ್ತಾರೆ ಅಂತಾರೆ. ಹೊಗಳಿಕೆಯನ್ನ ಬಸವಣ್ಣನವರೇ ಹೊನ್ನಶೂಲ ಅಂದಿಲ್ಲವೇ ಅಂತ ನಮ್ಮ ಮಾವನವರೂ ಕೇಳಿದ್ದುಂಟು. ಬಸವಣ್ಣನವರು ಹಾಗಂದದ್ದು ತಮ್ಮನ್ನ ಜನ ಅತಿಯಾಗಿ ಹೊಗಳಿದ್ದಕ್ಕೆ. ಒಂದು ಒಳ್ಳೆಯ ಮಾತಿಗೂ ಗತಿ ಇಲ್ಲದ ಮಗುವಿಗೆ ಆ ವಚನ ಹೇಳೋದು ಅನ್ಯಾಯ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಬಾಯಿ ಬಿಟ್ಟು ಕೇಳಿ. ನಾನು ಗಂಡನಿಗೆ ನೇರವಾಗಿ ಕೇಳಿದೆ, "ಏನ್ರೀ, ರೊಟ್ಟಿ ಹೆಂಗ ಆಗ್ಯಾವ?" ಅಂತ. "ಛಲೋ ಇರ್ತಾವಂತನೇ ತಿಂತೀನಲ್ಲ" ಅಂದರು. ಇಷ್ಟು ವರ್ಷ ಅವರ ಲೆಕ್ಕದಲ್ಲಿ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳೋದೇ ಮೆಚ್ಚುಗೆ! ನಾನು ಅಷ್ಟಕ್ಕೆ ಬಿಡಲಿಲ್ಲ, ನನಗೆ ಬಾಯಲ್ಲಿ ಕೇಳಬೇಕು ಅಂದೆ. ಈಗ ಹೇಳ್ತಾರೆ. ಕೇಳಿ ಪಡೆದದ್ದು ನಿಜವಾದ ಮೆಚ್ಚುಗೆಯಾ ಅಂತ ನೀವು ಕೇಳಬಹುದು. ಹೌದು, ಹಸಿದವರು ಕೇಳಿ ಉಂಡರೂ ಹೊಟ್ಟೆ ತುಂಬುತ್ತೆ.

ಆಫೀಸಿನಲ್ಲೂ ಅಷ್ಟೇ. ಸುಮ್ನೆ ದುಡಿದು, ಯಾರಾದರೂ ನೋಡಲಿ ಅಂತ ಕಾಯಬೇಡಿ. ಈ ಕೆಲಸ ನಾನು ಮಾಡಿದ್ದು, ನಿಮಗೆ ಹೇಗನ್ನಿಸಿತು ಸರ್ ಅಂತ ಕೇಳಿ. ಕೇಳಿದರೂ ನಗುವ ಜನ ಇರ್ತಾರೆ. ಅಂಥವರ ಹತ್ತಿರ ಎರಡನೇ ಸಲ ಕೇಳಬೇಡಿ, ಬೇರೆಯವರನ್ನ ನೋಡಿ. ನನಗೆ ನಮ್ಮ ಓಣಿಯ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸಿಕ್ಕರು.

ಮಗಳು ಈಗ ಪಿಯುಸಿ. ಎಲ್ಲ ಹೇಳಲ್ಲ, ಸ್ವಲ್ಪ ಸ್ವಲ್ಪ ಹೇಳ್ತಾಳೆ. ಅವಳು ಮಾತಾಡುವಾಗ ಒಲೆ ಆರಿಸಿ, ಕೈ ಒರೆಸಿಕೊಂಡು ಎದುರಿಗೆ ಕೂರುತ್ತೇನೆ. ನಿಮ್ಮ ಮನೆಯಲ್ಲೂ ಹಾಗೆ ಏನಾದರೂ ತೋರಿಸೋಕೆ ಬರುವ ಮಗುವೋ ತಮ್ಮನೋ ಇದ್ದರೆ, ಮನಸ್ಸು ಗಟ್ಟಿ ಮಾಡಿಕೊಳ್ಳೋ ಮೊದಲು ಒಂದು ಸಲ ಅವರ ಹತ್ತಿರ ಕೂತು ಕೇಳಿ.