ಮಲಗಿದ ಪ್ಯಾಕರ್ಡ್‌ಗೆ ಸೆಲ್ಫ್ ಹೊಡೆಯುವ ಮುನ್ನ

ಬೇಸಿಗೆ ಶುರುವಾದರೆ ಸಾಕು, ಒಂದೇ ಪ್ರಶ್ನೆ ಬೇರೆ ಬೇರೆ ಊರಿನಿಂದ, ಬೇರೆ ಬೇರೆ ಕಾರಿನ ಹೆಸರು ಹೊತ್ತು ಬರುತ್ತದೆ: ವರ್ಷಗಟ್ಟಲೆ ನಿಂತ ಹಳೇ ಕಾರನ್ನು ಸೀದಾ ಸ್ಟಾರ್ಟ್ ಮಾಡಬಹುದೇ? ಹಿಂದೆ ಎರಡು ಮಾತಿನಲ್ಲಿ ಉತ್ತರ ಕೊಟ್ಟಿದ್ದೆ, ಯಾರೂ ಕಿವಿಗೆ ಹಾಕಿಕೊಂಡಂತಿಲ್ಲ. ಹಾಗಾಗಿ ಈ ಸಲದ ಜಾಗ ಬಹುಪಾಲು ಅದಕ್ಕೇ. ಉಳಿದ ಪ್ರಶ್ನೆಗಳಿಗೆ ಕೊನೆಯಲ್ಲಿ ಚುಟುಕಾಗಿ ಹೇಳುತ್ತೇನೆ. ಜಾಕ್ ಎಲ್ಲಿ ಕೊಡಬೇಕು, ಯಾವ ಬೋಲ್ಟಿಗೆ ಯಾವ ಪಾನಾ ಎಂಬುದನ್ನೆಲ್ಲ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದು ಗೊತ್ತಿಲ್ಲದವರು ಮೊದಲು ಗೊತ್ತಿರುವವರ ಪಕ್ಕ ನಿಂತು ಕೆಲಸ ನೋಡಲಿ.

ಪ್ರಶ್ನೆ: ಓಹಾಯೋದ ಒಂದು ತೋಟದ ಕೊಟ್ಟಿಗೆಯಲ್ಲಿ ಸುಮಾರು ಮೂವತ್ತು ವರ್ಷ ನಿಂತಿದ್ದ 1948ರ ಪ್ಯಾಕರ್ಡ್ ಕಸ್ಟಮ್ ಎಯ್ಟ್ ಎಂಬ ಅಮೆರಿಕನ್ ಕಾರು ಕೊಂಡಿದ್ದೇನೆ. ‘ನಿಲ್ಲಿಸಿದಾಗ ಚೆನ್ನಾಗಿಯೇ ಓಡುತ್ತಿತ್ತು’ ಎನ್ನುತ್ತಾರೆ ಹಳೇ ಮಾಲೀಕರು. ಹೊಸ ಬ್ಯಾಟರಿ ಹಾಕಿ, ಕಾರ್ಬೊರೇಟರಿಗೆ ಸ್ವಲ್ಪ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗಬಹುದೇ ಸರ್? ವಿಡಿಯೊಗಳಲ್ಲಿ ಹಾಗೇ ಮಾಡುತ್ತಾರೆ. (ಕೊಲಂಬಸ್‌ನ ಓದುಗರು)

ಉತ್ತರ: ಆಗಬಹುದು. ಆಗಿಬಿಟ್ಟರೇ ಕಷ್ಟ. ವಿಡಿಯೊದಲ್ಲಿ ಬಿಳಿ ಹೊಗೆ ಉಗುಳಿ ಎರಡು ನಿಮಿಷ ಓಡಿದ ಇಂಜಿನ್ ಮರುದಿನ ಏನಾಯಿತು ಎಂದು ಯಾರೂ ತೋರಿಸುವುದಿಲ್ಲ. ಚಪ್ಪಾಳೆ ಅವರಿಗೆ, ಆ ಇಂಜಿನ್ ನನ್ನ ಗ್ಯಾರೇಜಿಗೆ.

ನಿಮ್ಮ ಬಾನೆಟ್ಟಿನ ಕೆಳಗೆ ಇರುವುದು ಏನು ಎಂದು ಮೊದಲು ತಿಳಿದುಕೊಳ್ಳಿ. 356 ಘನ ಇಂಚಿನ, ಅಂದರೆ ಸುಮಾರು 5.8 ಲೀಟರಿನ, ಸಾಲಾಗಿ ಎಂಟು ಸಿಲಿಂಡರ್ ಇರುವ ಇಂಜಿನ್. 160 ಅಶ್ವಶಕ್ತಿ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟಿಗೆ ಆಸರೆಯಾಗಿ ಒಂಬತ್ತು ಮೇನ್ ಬೇರಿಂಗ್. ಆ ಕಾಲದ ಬಹಳಷ್ಟು ಕಾರುಗಳು ಇದರ ಅರ್ಧದಷ್ಟು ಬೇರಿಂಗಿನಲ್ಲಿ ಕಾಲ ಹಾಕುತ್ತಿದ್ದವು. ಡೆಟ್ರಾಯಿಟ್‌ನಲ್ಲಿ ಪ್ಯಾಕರ್ಡ್ ಕಾರು ತಯಾರಾಗುವುದು 1956ರಲ್ಲೇ ನಿಂತುಹೋಯಿತು. ಈ ಬ್ಲಾಕ್ ಸೀಳಿದರೆ ಹೊಸದನ್ನು ಯಾರೂ ಎರಕ ಹೊಯ್ದು ಕೊಡುವುದಿಲ್ಲ. ಇನ್ನೊಂದು ಕಾರನ್ನು ಕೊಂದು ತರಬೇಕು.

ಕೀಲಿ ಮುಟ್ಟುವ ಮೊದಲು ಇಲಿ. ಕೊಟ್ಟಿಗೆಯಲ್ಲಿ ನಿಂತ ಕಾರಿನಲ್ಲಿ ಇಲಿಗೂಡು ಇದ್ದೇ ಇರುತ್ತದೆ: ಏರ್ ಕ್ಲೀನರಿನಲ್ಲಿ, ಸೀಟಿನ ಸ್ಪ್ರಿಂಗಿನ ನಡುವೆ, ಹೀಟರ್ ಪೆಟ್ಟಿಗೆಯಲ್ಲಿ. ಅಮೆರಿಕದ ಡಿಯರ್ ಮೌಸ್ ಎಂಬ ಇಲಿಯ ಹಿಕ್ಕೆಯಿಂದ ಹಂಟಾವೈರಸ್ ತಗಲುತ್ತದೆ, ಅದು ಶ್ವಾಸಕೋಶಕ್ಕೆ ಇಳಿದರೆ ಜೀವ ಹೋಗಬಹುದು. ಒಣ ಹಿಕ್ಕೆಯನ್ನು ಗುಡಿಸಬೇಡಿ, ವ್ಯಾಕ್ಯೂಮ್ ಹಾಕಬೇಡಿ. ನೀರು ಬೆರೆಸಿದ ಬ್ಲೀಚ್ ಸಿಂಪಡಿಸಿ, ಚೆನ್ನಾಗಿ ನೆನೆಯಲು ಬಿಟ್ಟು, ಗ್ಲೌಸ್ ಮತ್ತು ಮಾಸ್ಕ್ ಹಾಕಿಕೊಂಡು ಒರೆಸಿ ತೆಗೆಯಿರಿ. ಈ ವಿಷಯದಲ್ಲಿ ನನ್ನದು ಅತಿ ಎಚ್ಚರ ಎನ್ನುವವರಿದ್ದಾರೆ. ಇರಲಿ.

ಆಮೇಲೆ ಎಂಟೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಪ್ಲಗ್ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ಈಗ ಅದು ಬಿರಿಯಾನಿ ಊಟದ ಬೆಲೆಗೇ ಸಿಗುತ್ತದೆ. ಇಂಜಿನ್ ನಿಂತಾಗ ತೆರೆದೇ ಉಳಿದ ವಾಲ್‌ನ (ವಾಲ್ವ್) ದಾರಿಯಲ್ಲಿ ತೇವ ಇಳಿದು, ಆ ಒಂದೆರಡು ಸಿಲಿಂಡರಿನ ಗೋಡೆಯಲ್ಲಿ ಮಾತ್ರ ಕಂದು ತುಕ್ಕಿನ ಉಂಗುರ ಕಟ್ಟಿರುತ್ತದೆ. ಸೆಲ್ಫ್ ಹೊಡೆದರೆ ಪಿಸ್ಟನ್ ರಿಂಗ್ ಆ ಉಂಗುರವನ್ನು ಕೆರೆಯುತ್ತಾ ಮೇಲೇರಿ ಮುರಿಯುತ್ತದೆ. ಉಂಗುರ ಕಂಡ ಸಿಲಿಂಡರಿಗೆಲ್ಲ ತುಕ್ಕು ಬಿಡಿಸುವ ತೆಳು ಎಣ್ಣೆ ಹಾಕಿ, ಒಂದು ವಾರ ಬಿಡಿ. ಗೇರ್‌ಬಾಕ್ಸ್ ಎಣ್ಣೆಗೆ ಅಸಿಟೋನ್ ಬೆರೆಸುವವರು ಬಹಳ ಜನ. ಕೆಲಸವೇನೋ ಆಗುತ್ತದೆ, ಆದರೆ ಇಲ್ಲಿನ ಮನೆಗಳ ಗ್ಯಾರೇಜಿನಲ್ಲೇ ಗ್ಯಾಸ್ ವಾಟರ್ ಹೀಟರ್ ಉರಿಯುತ್ತಿರುತ್ತದೆ. ಅಸಿಟೋನ್ ಆವಿಗೆ ಬೆಂಕಿ ಹತ್ತಲು ಅಷ್ಟೇ ಸಾಕು. ನಾನು ಬಳಸುವುದಿಲ್ಲ. ಕೋಲಾ ಸುರಿಯಿರಿ ಎನ್ನುವ ಮಹಾನುಭಾವರ ಮಾತು ಕೇಳಿದರೆ ಸಿಲಿಂಡರಿನಲ್ಲಿ ನೀರು, ಸಕ್ಕರೆ, ಆಸಿಡ್ ಮೂರೂ ಉಳಿಯುತ್ತವೆ. ಪಿಕಪ್‌ಗೆ ಹಗ್ಗ ಕಟ್ಟಿ ಎಳೆದು ಗೇರಿಗೆ ಹಾಕಿ ಎನ್ನುವವರು ಇನ್ನೂ ಅಪಾಯದ ಜನ. ಜಾಮ್ ಆದ ಪಿಸ್ಟನ್ ಬಿಡುವ ಮೊದಲು ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ವಾರ ಕಳೆದ ಮೇಲೆ ಗೇರನ್ನು ನ್ಯೂಟ್ರಲ್ ಮಾಡಿ, ಇಂಜಿನ್ನನ್ನು ಕೈಯಲ್ಲೇ ತಿರುಗಿಸಿ. ಮುಂದಕ್ಕೆ ಒಂದು ಅಂಗುಲ, ಹಿಂದಕ್ಕೆ ಒಂದು ಅಂಗುಲ. ತಡೆದರೆ ನಿಲ್ಲಿಸಿ, ಮತ್ತೆ ಎಣ್ಣೆ, ಮತ್ತೆ ಕಾಯುವುದು. ಉದ್ದನೆಯ ಪೈಪ್ ತೂರಿಸಿ ಜೋರು ಮಾಡಬೇಡಿ. ಎಲ್ಲಿ, ಎಷ್ಟು ತಡೆಯುತ್ತಿದೆ ಎಂಬುದು ಕೈಗೆ ಗೊತ್ತಾಗುತ್ತದೆ. ಸೆಲ್ಫ್ ಮೋಟರಿಗೆ ಅದೇನೂ ಗೊತ್ತಾಗುವುದಿಲ್ಲ.

ತಿರುಗಿತೆಂದು ಹಿಗ್ಗಬೇಡಿ, ಬ್ಲಾಕಿನ ಪಕ್ಕದ ವಾಲ್ ಮುಚ್ಚಳ ತೆಗೆಯಿರಿ. ಇದು ಫ್ಲ್ಯಾಟ್‌ಹೆಡ್. ವಾಲ್‌ಗಳು ಸಿಲಿಂಡರಿನ ಮಗ್ಗುಲಲ್ಲಿ ಇರುವುದರಿಂದ ಪಿಸ್ಟನ್‌ಗೆ ಬಡಿಯುವುದಿಲ್ಲ, ಆ ಮಟ್ಟಿಗೆ ನಿಮ್ಮ ಅದೃಷ್ಟ. ಆದರೆ ಗೈಡಿನಲ್ಲಿ, ಅಂದರೆ ವಾಲ್ ಜಾರುವ ಕೊಳವೆಯಲ್ಲಿ, ಅಂಟಿ ಕೂತ ವಾಲ್ ಮೇಲೆ ಹೋದದ್ದು ಕೆಳಗೆ ಬರುವುದಿಲ್ಲ. ಒಬ್ಬರು ಕೈಯಲ್ಲಿ ನಿಧಾನ ತಿರುಗಿಸಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಹದಿನಾರೂ ವಾಲ್ ಒಂದೊಂದಾಗಿ ಏರಿ ಇಳಿಯುವುದನ್ನು ನೋಡಲಿ. ಈ 356 ಇಂಜಿನ್ನಿನಲ್ಲಿ ವಾಲ್ ಎತ್ತಲು ಆಯಿಲ್ ತುಂಬಿದ ಹೈಡ್ರಾಲಿಕ್ ಟ್ಯಾಪೆಟ್ ಇದೆ. ಬಿಚ್ಚಿ ತೊಳೆಯುವುದಾದರೆ ಪ್ರತಿಯೊಂದರ ಒಳಗಿನ ಪ್ಲಂಜರ್ ಅದರದೇ ಹೊರಕವಚಕ್ಕೆ ವಾಪಸ್ ಹೋಗಬೇಕು. ಅವು ಜೋಡಿಯಾಗಿ ಅಳತೆ ಮಾಡಿ ಕೂರಿಸಿದವು. ಒಂದೇ ಡಬ್ಬಿಯಲ್ಲಿ ಸೀಮೆಎಣ್ಣೆಗೆ ಹಾಕಿ ಕಲಸಿದಿರೋ, ಟಕಟಕ ಸದ್ದು ಜೀವಮಾನಪೂರ್ತಿ ನಿಮ್ಮದು.

ಈಗ ಆಯಿಲ್ ಚೇಂಬರ್. ಡ್ರೈನ್ ಬೋಲ್ಟ್ ಬಿಚ್ಚಿ ಹಳೇ ಆಯಿಲ್ ಇಳಿಸಿ ಹೊಸದು ಹಾಕಿದರೆ ಆಯಿತೆಂದು ಎಲ್ಲರೂ ತಿಳಿದಿದ್ದಾರೆ. ಚೇಂಬರನ್ನೇ ಕೆಳಗಿಳಿಸಿ ನೋಡಿ. ತಳದಲ್ಲಿ ಎರಡು ಬೆರಳು ದಪ್ಪ ಕಪ್ಪು ಮಡ್ಡಿ, ಜೋನಿಬೆಲ್ಲದ ಹಾಗೆ, ಚಮಚದಲ್ಲಿ ಕೆರೆದು ತೆಗೆಯಬೇಕು. ಆ ಕಾಲದ ಆಯಿಲಿನಲ್ಲಿ ಕೊಳೆಯನ್ನು ತೇಲಿಸಿಡುವ ಡಿಟರ್ಜೆಂಟ್ ಇರುತ್ತಿರಲಿಲ್ಲ, ಕೊಳೆಯೆಲ್ಲ ತಳಕ್ಕೆ ಕೂರುತ್ತಿತ್ತು. ಅದರ ಮೇಲೆ ನೀವು ಇವತ್ತಿನ ಡಿಟರ್ಜೆಂಟ್ ಆಯಿಲ್ ಸುರಿದಾಗ ಮಡ್ಡಿ ಸಡಿಲವಾಗಿ ಎದ್ದು, ಪಂಪಿನ ಜಾಲರಿಗೆ ಅಂಟುತ್ತದೆ. ಬೇರಿಂಗಿಗೆ ಆಯಿಲ್ ಹೋಗುವುದಿಲ್ಲ. ‘ಹೊಸ ಆಯಿಲ್ ಹಾಕಿದ ಮೇಲೇ ಬೇರಿಂಗ್ ಹೋಯಿತು ಸರ್’ ಎಂದು ಪತ್ರ ಬರೆಯುವವರಿಗೆಲ್ಲ ಇದೇ ಉತ್ತರ.

ಪೆಟ್ರೋಲ್ ಟ್ಯಾಂಕನ್ನು ಮರೆತುಬಿಡಿ. ಅದರಲ್ಲಿರುವುದು ಪೆಟ್ರೋಲ್ ಅಲ್ಲ, ವಾರ್ನಿಷ್. ಮುಚ್ಚಳ ತೆಗೆದು ಮೂಸಿದರೆ ನಿಮಗೇ ತಿಳಿಯುತ್ತದೆ. ಅದರ ಮೇಲೆ ಹೊಸ ಪೆಟ್ರೋಲ್ ಸುರಿದು ಓಡಿಸಿದರೆ ಇಂಜಿನ್ ಬಿಸಿ ಇರುವಷ್ಟು ಹೊತ್ತು ಎಲ್ಲ ಸರಿ. ತಣ್ಣಗಾದ ಮೇಲೆ ಆ ಅಂಟು ವಾಲ್‌ಗಳನ್ನು ಗೈಡಿಗೆ ಬೆಸುಗೆ ಹಾಕಿಬಿಡುತ್ತದೆ. ಟ್ಯಾಂಕ್ ಇಳಿಸಿ ರೇಡಿಯೇಟರ್ ಅಂಗಡಿಗೆ ಕಳಿಸಿ. ಅಲ್ಲಿಯತನಕ ಸಣ್ಣ ಕ್ಯಾನಿನಿಂದ ಹೊಸ ಪೈಪಿನಲ್ಲಿ ಪೆಟ್ರೋಲ್ ಕೊಡಿ. ಪೆಟ್ರೋಲ್ ಪಂಪಿನ ಹಳೇ ರಬ್ಬರ್ ಡಯಾಫ್ರಮ್ ಈಗಿನ ಎಥನಾಲ್ ಬೆರೆತ ಪೆಟ್ರೋಲ್ ತಡೆಯುವುದಿಲ್ಲ. ಹರಿದರೆ ಪೆಟ್ರೋಲ್ ಸೀದಾ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಎಥನಾಲ್ ತಡೆಯುವ ಡಯಾಫ್ರಮ್ ಕಿಟ್ ಸಿಗುತ್ತದೆ, ಅದನ್ನೇ ಹಾಕಿಸಿ.

ಬ್ಯಾಟರಿ ವಿಷಯದಲ್ಲಿ ದಯವಿಟ್ಟು ಕಿವಿ ತೆರೆದು ಕೇಳಿ. ನಿಮ್ಮ ಕಾರು 6 ವೋಲ್ಟ್, ಅದರಲ್ಲೂ ಪಾಸಿಟಿವ್ ಅರ್ಥ್. ಬ್ಯಾಟರಿಯ ಪ್ಲಸ್ ತುದಿ ಕಾರಿನ ಲೋಹದ ಮೈಗೆ ಹೋಗುತ್ತದೆ. ‘6 ವೋಲ್ಟ್ ಸಾಕಾಗುವುದಿಲ್ಲ, 12 ಹಾಕಿ’ ಎಂದು ಹೇಳುವ ಮೆಕ್ಯಾನಿಕ್ ಹೊಸ ಕಾರನ್ನಷ್ಟೇ ನೋಡಿದವನು. ಹೊಸ ಕಾರಾಗಿದ್ದಾಗ ಮಿಚಿಗನ್ನಿನ ಚಳಿಗಾಲದಲ್ಲಿ ಅದೇ ಆರು ವೋಲ್ಟಿನಲ್ಲಿ ಸ್ಟಾರ್ಟ್ ಆಗುತ್ತಿತ್ತು. ವೋಲ್ಟ್ ಅರ್ಧವಾದರೆ ಅಷ್ಟೇ ಕೆಲಸಕ್ಕೆ ಕರೆಂಟ್ ಎರಡರಷ್ಟು ಬೇಕು, ಎರಡರಷ್ಟು ಕರೆಂಟಿಗೆ ದಪ್ಪ ಕೇಬಲ್ ಬೇಕು. ನಡುವೆ ಯಾರೋ 12 ವೋಲ್ಟಿನ ಕಾರಿನ ತೆಳು ಕೇಬಲ್ ಹಾಕಿರುತ್ತಾರೆ, ಸೆಲ್ಫ್ ಎಳೆಯುವುದಿಲ್ಲ, ದೂರು ಬ್ಯಾಟರಿಯ ಮೇಲೆ. 00 ಗೇಜಿನ ಕೇಬಲ್ ಹಾಕಿ, ಅರ್ಥ್ ಪಟ್ಟಿ ಕೂರುವ ಕಡೆ ಪೇಂಟ್ ಕೆರೆದು ಹೊಳೆಯುವ ಲೋಹ ಕಾಣಿಸಿ.

ಇನ್ನು ನಿಲ್ಲಿಸುವುದು. ಸ್ಟಾರ್ಟ್ ಮಾಡುವ ಆಸೆಯಲ್ಲಿ ಇದನ್ನು ಯೋಚಿಸಿದವರೇ ಕಡಿಮೆ. ಇಷ್ಟು ವರ್ಷ ನಿಂತ ಕಾರಿನಲ್ಲಿ ಕ್ಲಚ್ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿರುತ್ತದೆ. ಕ್ಲಚ್ ಒತ್ತಿದರೂ ಬಿಡುವುದಿಲ್ಲ. ಬ್ರೇಕಿನ ಹೈಡ್ರಾಲಿಕ್ ಲೈನ್ ಒಂದೇ, ಎಲ್ಲಾದರೂ ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಗೇರಿನಲ್ಲಿದ್ದ ಕಾರು ಸ್ಟಾರ್ಟ್ ಆಗಿ, ಕ್ಲಚ್ ಬಿಡದೆ, ಬ್ರೇಕ್ ಹಿಡಿಯದೆ, ಎರಡು ಟನ್ ಉಕ್ಕು ಗ್ಯಾರೇಜಿನ ಗೋಡೆಯ ಕಡೆ ಹೊರಡುತ್ತದೆ, ನಡುವೆ ನಿಮ್ಮ ಮಗ ಫೋನ್ ಹಿಡಿದು ವಿಡಿಯೊ ಮಾಡುತ್ತಿರುತ್ತಾನೆ. ಮಾಸ್ಟರ್ ಸಿಲಿಂಡರ್, ನಾಲ್ಕು ವೀಲ್ ಸಿಲಿಂಡರ್, ಹೋಸ್‌ಗಳು, ಲೈನ್‌ಗಳು ಎಲ್ಲ ಹೊಸದಾಗುವ ತನಕ ಹಿಂದಿನ ಚಕ್ರಗಳು ಸ್ಟ್ಯಾಂಡಿನ ಮೇಲೇ ಇರಲಿ. ಡ್ರಮ್ ತೆಗೆದಾಗ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೇ ಬ್ರೇಕ್ ಲೈನರ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಒದ್ದೆ ಮಾಡಿ ಒರೆಸಿ.

ಇಷ್ಟಾದ ಮೇಲೆ, ಪ್ಲಗ್ ಇಲ್ಲದೆಯೇ ಸೆಲ್ಫ್ ಹೊಡೆದು ಆಯಿಲ್ ಗೇಜಿನ ಮುಳ್ಳು ಏಳುವ ತನಕ ತಿರುಗಿಸಿ. ಮುಳ್ಳು ಎದ್ದ ಮೇಲೆ ಪ್ಲಗ್ ಹಾಕಿ. ಏಳದಿದ್ದರೆ ಆವತ್ತಿಗೆ ಕೆಲಸ ಮುಗಿಯಿತು, ಚೇಂಬರ್ ಮತ್ತೆ ಇಳಿಯಬೇಕು.

ಪ್ರಶ್ನೆ: ಹಳೇ ಕಾರುಗಳಿಗೆ ಸೀಸದ ಪೆಟ್ರೋಲೇ ಬೇಕಲ್ಲವೇ?

ಬೇಡ. ಮೇಲಿನ ಪ್ಯಾಕರ್ಡ್‌ನಂಥ ಫ್ಲ್ಯಾಟ್‌ಹೆಡ್‌ನ ಕಂಪ್ರೆಶನ್ ಕಡಿಮೆ, ಸಾಧಾರಣ ಪೆಟ್ರೋಲ್ ಧಾರಾಳ ಸಾಕು. ಬಾಟಲಿಯಲ್ಲಿ ಮಾರುವ ‘ಸೀಸದ ಬದಲಿ’ಗೆ ದುಡ್ಡು ಸುರಿಯಬೇಡಿ.

ಪ್ರಶ್ನೆ: 1936ರ ಕಾರಿನ ಮೂಲ ಪೇಂಟ್ ಮಂಕಾಗಿದೆ, ಕ್ರೋಮ್ ಗುಳ್ಳೆ ಎದ್ದಿದೆ. ಎಲ್ಲ ಹೊಸದಾಗಿ ಮಾಡಿಸಲೇ?

ಪೇಂಟ್ ಮುಟ್ಟಬೇಡಿ. ಕಾರ್ಖಾನೆಯ ಲ್ಯಾಕರ್ ಒಮ್ಮೆ ಕೆರೆದರೆ ಹೋಯಿತು, ಅದನ್ನು ಮತ್ತೆ ತರಲು ದುಡ್ಡಿಂದ ಆಗುವುದಿಲ್ಲ. 1935ರಿಂದ ಇರುವ ಆಂಟಿಕ್ ಆಟೊಮೊಬೈಲ್ ಕ್ಲಬ್ ಆಫ್ ಅಮೆರಿಕದಲ್ಲಿ ಮೂಲ ರೂಪ ಉಳಿಸಿಕೊಂಡ ಕಾರುಗಳಿಗೆಂದೇ ಬೇರೆ ಪ್ರಶಸ್ತಿ ಇದೆ. ಕ್ರೋಮ್ ವಿಷಯ ಬೇರೆ. ಗುಳ್ಳೆ ಎದ್ದಿರುವುದು ಸತುವಿನ ಎರಕದ ಭಾಗ. ಹಳೇ ಲೇಪ ಪೂರ್ತಿ ತೆಗೆದು, ಪ್ರತಿ ಗುಳ್ಳೆಯ ತಳದ ಬಿಳಿ ಪುಡಿಯನ್ನು ಡ್ರಿಲ್ಲಿನಲ್ಲಿ ತೋಡಿ, ತುಂಬಿ, ತಾಮ್ರ, ನಿಕಲ್, ಆಮೇಲೆ ಕ್ರೋಮ್. ಸ್ಯಾಂಡ್‌ಬ್ಲಾಸ್ಟ್ ಮಾಡಿ ಮೇಲೆ ಕ್ರೋಮ್ ಹೊಡೆದುಕೊಡುತ್ತೇನೆ ಎನ್ನುವ ಅಂಗಡಿಯಿಂದ ನಿಮ್ಮ ಭಾಗ ವಾಪಸ್ ತನ್ನಿ.

ಪ್ರಶ್ನೆ: 2018ರಲ್ಲಿ ಒಂದು ಡ್ಯೂಸೆನ್‌ಬರ್ಗ್ 2.2 ಕೋಟಿ ಡಾಲರಿಗೆ ಹೋಯಿತಂತೆ. ಹಳೇ ಅಮೆರಿಕನ್ ಕಾರು ಒಳ್ಳೆಯ ಹೂಡಿಕೆಯೇ?

ಅದು ನಟ ಗ್ಯಾರಿ ಕೂಪರ್ ಅವರ ಎಸ್‌ಎಸ್‌ಜೆ ಮಾದರಿ. ಅಂಥವು ಎರಡೇ ಆದದ್ದು. ನಿಮ್ಮದು ಅದಲ್ಲ. ಲಾಭ ಬೇಕಿದ್ದರೆ ಬೇರೆ ಕಡೆ ಹಾಕಿ.

ಪ್ರಶ್ನೆ: ಪ್ಯಾಕರ್ಡ್‌ಗೆ ಹೊಸ ವಿ8 ಇಂಜಿನ್, ಎಸಿ ಹಾಕಿಸಿ ಬೆಂಗಳೂರಿಗೆ ತರಬೇಕೆಂದಿದ್ದೇನೆ.

ಭಾರತದಲ್ಲಿ 2021ರ ನಿಯಮದಂತೆ ವಿಂಟೇಜ್ ಎಂದು ವಿಎ ಸರಣಿಯ ನಂಬರ್ ಸಿಗಬೇಕಾದರೆ ವಾಹನಕ್ಕೆ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ದಿನಾ ಆಫೀಸಿಗೆ ಓಡಿಸುವಂತಿಲ್ಲ. ಇಂಜಿನ್ ಬದಲಿಸಿದಿರೋ, ಆ ನಂಬರ್ ಕನಸು ಬಿಡಿ. ಮೂಲ ಇಂಜಿನ್ ಇಟ್ಟುಕೊಂಡೇ ತರುವುದಾದರೆ ಬರೆಯಿರಿ, ಸಹಾಯ ಮಾಡುತ್ತೇನೆ.

ಪ್ರಶ್ನೆ: ಮೂರು ತಿಂಗಳಲ್ಲಿ ಪೂರ್ತಿ ರಿಸ್ಟೋರ್ ಮಾಡಿಕೊಡುತ್ತೇನೆ ಎನ್ನುತ್ತಾರೆ ಒಬ್ಬರು. ನಂಬಬಹುದೇ?

ಮೂರು ತಿಂಗಳಲ್ಲಿ ಆಗುವುದು ಪುಟ್ಟಿ ಮತ್ತು ಪೇಂಟ್. ಅವರು ಈ ಹಿಂದೆ ಮಾಡಿದ ಕಾರಿನ, ಪುಟ್ಟಿ ಹಚ್ಚುವ ಮೊದಲಿನ ಬರಿ ತಗಡಿನ ಫೋಟೊಗಳನ್ನು ಕೇಳಿ. 1935ಕ್ಕಿಂತ ಹಿಂದಿನ ಕಾರಾದರೆ ತಗಡಿನ ಒಳಗೆ ಮರದ ಚೌಕಟ್ಟು ಇರುವ ಸಂಭವವೇ ಹೆಚ್ಚು, ಬಾಗಿಲ ಕಂಬದ ಬುಡ ತೆಗೆದು ತೋರಿಸಲಿ. ಮುಗಿದ ಕಾರಿನ ಮೇಲೆ ಅಯಸ್ಕಾಂತ ಹಿಡಿದು ಬಾಗಿಲ ಕೆಳಗಂಚು, ಫೆಂಡರಿನ ಅಂಚು, ಡಿಕ್ಕಿಯ ತಳ ಎಲ್ಲ ಸವರಿ ನೋಡಿ. ಹಿಡಿಯದ ಕಡೆ ಇರುವುದು ಪುಟ್ಟಿ. ಫೋಟೊ ತೋರಿಸಲು ಒಲ್ಲೆ ಎಂದರೆ ಮುಂಗಡ ಕೊಡಬೇಡಿ.